ಕೇಸು ಖುಲಾಸೆ ಆದ ಮೇಲೂ ರೌಡಿ ಶೀಟ್ ಯಾಕೆ ಮುಚ್ಚುವುದಿಲ್ಲ?

ಬಯಲುಸೀಮೆ:
ನಮ್ಮ ಸೋದರಮಾವನ ಮಗನ ವಿಷಯ ಇದು. ಊರು, ಠಾಣೆ ಹೆಸರು ಬೇಡ. ಅವನು ಕಾಲೇಜಿನಲ್ಲಿದ್ದಾಗ ಜಾತ್ರೆಯಲ್ಲಿ ಎರಡು ಗುಂಪಿಗೆ ಹೊಡೆದಾಟ ಆಯಿತು. ಎಫ್‌ಐಆರ್‌ನಲ್ಲಿ ಇವನ ಹೆಸರೂ ಸೇರಿತು. ಮಾರನೇ ವರ್ಷ ಇನ್ನೊಂದು ಕೇಸು. ಅದೇ ಗುಂಪು, ಅದೇ ಜಗಳ. ಅಷ್ಟಕ್ಕೇ ರೌಡಿ ಶೀಟ್ ತೆರೆದರು. ಎರಡೂ ಕೇಸಿನಲ್ಲಿ ಕೋರ್ಟು ಬಿಟ್ಟಿತು. ಈಗ ಅವನು ಟೈಲ್ಸ್ ಹಾಕಿಸುವ ಗುತ್ತಿಗೆ ಮಾಡುತ್ತಾನೆ, ಮಗಳು ಶಾಲೆಗೆ ಹೋಗುತ್ತಾಳೆ. ಆದರೂ ಗಣೇಶನ ಹಬ್ಬ ಬಂದರೆ ಠಾಣೆಗೆ ಬಾ ಅಂತಾರೆ. ಚುನಾವಣೆ ಬಂದರೆ ಬಾಂಡ್ ಬರೆದುಕೊಡು ಅಂತಾರೆ. ಹೊಸ ಸಾಹೇಬರು ಬಂದರೆ ಪರೇಡು. ದುಬೈನಲ್ಲಿ ಕೆಲಸ ಸಿಕ್ಕಿತ್ತು, ಪಾಸ್‌ಪೋರ್ಟಿನ ಪೊಲೀಸ್ ವೆರಿಫಿಕೇಶನ್‌ನಲ್ಲಿ ನಿಂತುಹೋಯಿತು.

ಕೇಳಬೇಕಾದ್ದು ಎರಡು. ಶೀಟ್ ಮುಚ್ಚಿಸುವುದು ಹೇಗೆ? ಇನ್ನೊಂದು, ಊರು ನೆಮ್ಮದಿಯಾಗಿರಲಿ ಅಂತ ಕೋರ್ಟೇ ಬಿಟ್ಟ ಒಬ್ಬನ ಮೇಲೆ ಜೀವಮಾನವಿಡೀ ಕಣ್ಣಿಡುವುದು ಸರಿಯಾ? ನನಗಂತೂ ಇದು ಶಿಕ್ಷೆ ಅಂತಲೇ ಅನಿಸುತ್ತದೆ. ತೀರ್ಪಿಲ್ಲದ ಶಿಕ್ಷೆ.

ಕುಡ್ಲದವ:
ಖುಲಾಸೆ ಆದ ತಕ್ಷಣ ಏನೂ ಮಾಡಿಲ್ಲ ಅಂತ ಆಗುವುದಿಲ್ಲ ಮಾರಾಯ್ರೆ. ಸಾಕ್ಷಿ ತಿರುಗಿಬಿದ್ದರೂ ಖುಲಾಸೆಯೇ.

ಧಾರವಾಡಪೇಡಾ:
ಹಂಗಾದ್ರೆ ಕೋರ್ಟ್ ಯಾಕ್ ಬೇಕ್ರೀ? ಠಾಣೆಯಲ್ಲೇ ತೀರ್ಪು ಕೊಟ್ಟರೆ ಆಯಿತಲ್ಲ.

ಹಳೇಪೇದೆ:
ಇಲಾಖೆಯಲ್ಲಿದ್ದು ನಿವೃತ್ತಿಯಾದವನು ನಾನು. ಇಂಥ ಶೀಟ್‌ಗಳನ್ನು ಕೈಯಾರೆ ಬರೆದಿದ್ದೇನೆ. ಹೊರಗಿನವರಿಗೆ ಗೊತ್ತಿರುವುದಿಲ್ಲ, ಅದರಲ್ಲಿ ಏನೇನು ಇರುತ್ತದೆ ಅಂತ ಹೇಳುತ್ತೇನೆ. ಹೆಸರು, ಅಡ್ಡಹೆಸರು, ಫೋಟೋ, ಬೆರಳಚ್ಚು, ಮೈಮೇಲಿನ ಗುರುತು. ಅಪ್ಪ, ಅಣ್ಣತಮ್ಮ, ಹೆಂಡತಿ ಕಡೆಯವರು ಎಲ್ಲೆಲ್ಲಿ ಇದ್ದಾರೆ. ಯಾವ ಗಾಡಿ ಓಡಿಸುತ್ತಾನೆ, ಸಂಜೆ ಯಾವ ಹೋಟೆಲ್ ಮುಂದೆ ನಿಲ್ಲುತ್ತಾನೆ, ಯಾರ ಜೊತೆ ಓಡಾಡುತ್ತಾನೆ. ಕೆಳಗೆ ಕೇಸುಗಳ ಪಟ್ಟಿ. ಅದರ ಕೆಳಗೆ ಬೀಟ್‌ನವರು ಆಗಾಗ ಬರೆಯುವ ಷರಾ. 'ಮನೆಯಲ್ಲಿದ್ದಾನೆ, ಕೆಲಸಕ್ಕೆ ಹೋಗುತ್ತಿದ್ದಾನೆ, ವಿಶೇಷ ಇಲ್ಲ' ಅಂತ ವರ್ಷಗಟ್ಟಲೆ ಒಂದೇ ಸಾಲು ಇರುವ ಶೀಟ್‌ಗಳೂ ಇವೆ.

ಇದು ಯಾಕೆ ಬೇಕು ಅಂದರೆ, ಒಂದು ಠಾಣೆಯಲ್ಲಿ ಇರುವ ಸಿಬ್ಬಂದಿ ಎಷ್ಟು, ಊರು ಎಷ್ಟು ದೊಡ್ಡದು ನೋಡಿ. ಮೆರವಣಿಗೆ ದಿನ ಎಲ್ಲ ಬೀದಿಯಲ್ಲೂ ನಿಲ್ಲೋಕೆ ಆಗುವುದಿಲ್ಲ. ಯಾರ ಮೇಲೆ ಕಣ್ಣಿಡಬೇಕು ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಕೊಲೆ ಆದ ರಾತ್ರಿ ನಮಗೆ ಮೊದಲು ಬೇಕಾಗುವುದೂ ಈ ಪುಸ್ತಕವೇ. ಹಾಗಾಗಿ ಪಟ್ಟಿಯೇ ಬೇಡ ಅನ್ನುವವರ ಮಾತು ನಾನು ಒಪ್ಪುವುದಿಲ್ಲ.

ಆದರೆ ಬಯಲುಸೀಮೆಯವರು ಹೇಳಿದ್ದು ಸುಳ್ಳಲ್ಲ. ಶೀಟ್ ತೆರೆಯುವುದು ಸುಲಭ. ಮುಚ್ಚುವುದಕ್ಕೆ ಯಾರೂ ಕೈ ಹಾಕುವುದಿಲ್ಲ. ನಾನು ಮುಚ್ಚಿ ಅಂತ ಬರೆದು, ನಾಳೆ ಅವನೇ ಯಾರಿಗಾದರೂ ಚಾಕು ಹಾಕಿದರೆ ವಿಚಾರಣೆ ನನ್ನ ಮೇಲೆ. ಮುಚ್ಚದೇ ಇದ್ದರೆ ಯಾರೂ ಕೇಳುವುದಿಲ್ಲ. ಇಷ್ಟೇ ಕಾರಣ.

ಬಯಲುಸೀಮೆ:
@ಹಳೇಪೇದೆ ಸರ್, ಇದನ್ನು ಬಿಚ್ಚಿ ಹೇಳಿದ್ದಕ್ಕೆ ಥ್ಯಾಂಕ್ಸ್. ನಮ್ಮವನ ಶೀಟ್‌ನಲ್ಲೂ ವಿಶೇಷ ಇಲ್ಲ ಅಂತಲೇ ಇರಬೇಕು. ವಿಶೇಷ ಇಲ್ಲ ಅಂತ ವರ್ಷಗಟ್ಟಲೆ ಬರೆದ ಮೇಲೂ ಅದನ್ನು ಓದಿ ನೋಡುವವರು ಯಾರೂ ಇಲ್ಲವಾ?

ಅಂಗಡಿಅಕ್ಕ:
ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮದು ಬೆಂಗಳೂರಿನಲ್ಲಿ ಚಿಕ್ಕ ಅಂಗಡಿ. ಹೆಸರಿಗೆ ಫ್ಯಾನ್ಸಿ ಸ್ಟೋರ್, ಜೊತೆಗೆ ಕರೆನ್ಸಿ, ಜೆರಾಕ್ಸ್. ಒಬ್ಬ ಬಂದು ತಿಂಗಳು ತಿಂಗಳು ಇಷ್ಟು ಕೊಡಬೇಕು ಅಂದ. ಕೊಡಲ್ಲ ಅಂದೆ. ಗಾಜಿನ ಶೋಕೇಸ್ ಒಡೆದು ಹೋದ. ಕಂಪ್ಲೇಂಟ್ ಕೊಟ್ಟೆವು, ಹಿಡಿದರು, ಜಾಮೀನಿನ ಮೇಲೆ ಬಂದ. ಬಂದವನು ನೇರ ನಮ್ಮ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಸಿಗರೇಟ್ ಸೇದುತ್ತಾ ಕೂತ. ಏನೂ ಮಾತಾಡಲಿಲ್ಲ. ಸುಮ್ನೆ ನೋಡುತ್ತಿದ್ದ. ಅದಕ್ಕೆ ಯಾವ ಸೆಕ್ಷನ್ ಇದೆ ಹೇಳಿ?

ಹಕ್ಕು ಹಕ್ಕು ಅಂತ ಎಲ್ಲರೂ ಅವನ ಹಕ್ಕಿನ ಬಗ್ಗೆಯೇ ಬರೆಯುತ್ತಾರೆ. ಬೆಳಗ್ಗೆ ಶಟರ್ ಎತ್ತುವಾಗ ಕೈ ನಡುಗದೇ ಇರುವುದು ನನ್ನ ಹಕ್ಕಲ್ಲವಾ?

ರಾತ್ರಿಪಾಳಿ:
ಅಕ್ಕಾ, ನೂರಕ್ಕೆ ನೂರು ಹೌದು.

ಕರಿಕೋಟು:
ವಕೀಲಿ ಮಾಡುತ್ತೇನೆ, ಹೆಚ್ಚಾಗಿ ಕ್ರಿಮಿನಲ್ ಕಡೆ. ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಅಂಗಡಿಅಕ್ಕ ಅವರೇ, ನಿಮ್ಮ ವಿಷಯ ಮೊದಲು. ಜಾಮೀನಿನಲ್ಲಿ ಸಾಕ್ಷಿಗಳನ್ನು ಹೆದರಿಸಬಾರದು ಅನ್ನುವ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದನ್ನು ಮುರಿದರೆ ಜಾಮೀನು ರದ್ದು ಮಾಡಿ ಅಂತ ಕೇಳಬಹುದು. ಅಂಗಡಿಯ ಕ್ಯಾಮೆರಾದಲ್ಲಿ ಅವನು ಕೂತಿದ್ದು ಬಿದ್ದಿದ್ದರೆ ಅದನ್ನು ಇಟ್ಟುಕೊಳ್ಳಿ, ಅಳಿಸಬೇಡಿ. ಜಾಮೀನು ಅರ್ಜಿ ನಡೆಯುವಾಗ ನೊಂದವರ ಮಾತನ್ನೂ ಕೇಳಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಲಖೀಂಪುರ ಖೇರಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. 2018ರಿಂದ ಸಾಕ್ಷಿ ರಕ್ಷಣಾ ಯೋಜನೆಯೂ ಇದೆ, ಜಿಲ್ಲಾ ನ್ಯಾಯಾಲಯದ ಮಟ್ಟದಲ್ಲಿ ಅರ್ಜಿ ಹಾಕಬಹುದು. ಇದನ್ನು ಬಳಸುವವರು ಕಡಿಮೆ. ಹೀಗೊಂದು ಇದೆ ಅಂತಲೇ ಜನರಿಗೆ ಯಾರೂ ಹೇಳುವುದಿಲ್ಲ.

ಈಗ ರೌಡಿ ಶೀಟ್. ಇದು ನಮ್ಮ ಶಾಸನಸಭೆ ಮಾಡಿದ ಕಾಯ್ದೆಯಿಂದ ಬಂದದ್ದಲ್ಲ. ಕರ್ನಾಟಕ ಪೊಲೀಸ್ ಕೈಪಿಡಿಯ 1059ನೇ ಆದೇಶದಿಂದ ಬಂದದ್ದು. ಇಲಾಖೆಯ ಒಳಗಿನ ನಿಯಮ ಅದು. ಅದಕ್ಕೇ ಇದರಲ್ಲಿ ವಾದ ಇಲ್ಲ, ವಾಯಿದೆ ಇಲ್ಲ, ಜಡ್ಜ್ ಇಲ್ಲ. ಹಾಗಂತ ಯಾರೂ ಕೇಳುವ ಹಾಗಿಲ್ಲ ಅಂತ ಅಲ್ಲ. ಕಾರಣ ಇಲ್ಲದೆ ತೆರೆದ, ಸುಮ್ಮನೆ ಮುಂದುವರಿಸಿದ ಶೀಟ್‌ಗಳನ್ನು ನಮ್ಮ ಹೈಕೋರ್ಟ್ ಎಷ್ಟೋ ಸಲ ರದ್ದು ಮಾಡಿದೆ.

ಪಾಸ್‌ಪೋರ್ಟ್ ಬಗ್ಗೆ ಒಂದು ಮಾತು. ಪಾಸ್‌ಪೋರ್ಟ್ ಕಾಯ್ದೆಯಲ್ಲಿ ತಡೆ ಇರುವುದು ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದ್ದರೆ. ಶೀಟ್ ಇದೆ ಅನ್ನುವುದು ಬಾಕಿ ಕೇಸು ಅಲ್ಲ. ಕೊಡುವುದಿಲ್ಲ ಅಂದರೆ ಲಿಖಿತವಾಗಿ ಕಾರಣ ಕೇಳಿ. ಅದರ ಮೇಲೆ ಅಪೀಲು ಇದೆ.

ಕುಡ್ಲದವ:
ವಕೀಲರು ಹೇಳುವುದು ಪುಸ್ತಕದಲ್ಲಿ ಚೆಂದ. ನಮ್ಮ ಊರಲ್ಲಿ ಒಂದು ಕೊಲೆಯಾದರೆ ಅದಕ್ಕೆ ಪ್ರತೀಕಾರ ಅಂತ ಇನ್ನೊಂದು ಆಗುತ್ತದೆ. ಸಂಜೆ ಆರಕ್ಕೆ ಅಂಗಡಿ ಬಂದ್, ಬಸ್ ಇಲ್ಲ, ಮಕ್ಕಳು ಮನೆಗೆ ಬಂದರಾ ಅಂತ ಫೋನ್. ಆಗ ಪೊಲೀಸರು ಹತ್ತು ಜನರನ್ನು ಗಡಿಪಾರು ಮಾಡಿದರೆ ಊರು ಉಸಿರು ಬಿಡುತ್ತದೆ. ಅದು ನಿಜ. ಅದನ್ನು ಅನುಭವಿಸದವರಿಗೆ ಅರ್ಥ ಆಗುವುದು ಕಷ್ಟ.

ಕರಿಕೋಟು:
ಗಡಿಪಾರಿಗೆ ಕಾನೂನು ಇದೆ. ಕರ್ನಾಟಕ ಪೊಲೀಸ್ ಕಾಯ್ದೆ, 1963. ನೋಟಿಸ್ ಕೊಡಬೇಕು, ಅವನ ಮಾತು ಕೇಳಬೇಕು, ಅವಧಿ ಎರಡು ವರ್ಷ ದಾಟಬಾರದು, ಅಪೀಲಿಗೆ ಅವಕಾಶ ಇದೆ. ನನ್ನ ತಕರಾರು ಇರುವುದು ಅದರ ಬಗ್ಗೆ ಅಲ್ಲ. ಊರಿನಿಂದ ಹೊರಗೆ ಹಾಕುವಂಥ ದೊಡ್ಡ ಕ್ರಮಕ್ಕೇ ಎರಡು ವರ್ಷದ ಗಡಿ ಇದೆ. ಠಾಣೆಯ ಪುಸ್ತಕಕ್ಕೆ ಮಾತ್ರ ಕೊನೆಯೇ ಇಲ್ಲ ಅಂದರೆ ಹೇಗೆ?

ಧಾರವಾಡಪೇಡಾ:
ಪಾಯಿಂಟ್ ಅಂದ್ರ ಇದು.

ಹೊಸೂರುಬಸ್:
ಹೊಸೂರಿನಲ್ಲಿರುವ ಕನ್ನಡಿಗ. ಇಲ್ಲಿ ಗೂಂಡಾ ಕಾಯ್ದೆ 1982ರಿಂದ ಇದೆ, ನಿಮ್ಮಲ್ಲಿ 1985ರಿಂದ. ತಮಿಳುನಾಡಿನಲ್ಲಿ ಇದನ್ನು ಬಳಸುವುದು ತುಂಬಾ ಜಾಸ್ತಿ. ಪೇಪರ್ ತೆಗೆದರೆ ಇಂಥವನ ಮೇಲೆ ಗೂಂಡಾ ಹಾಕಿದರು ಅಂತ ಸುದ್ದಿ ಇದ್ದೇ ಇರುತ್ತದೆ. ಆಮೇಲೆ ಮದ್ರಾಸ್ ಹೈಕೋರ್ಟ್‌ನಲ್ಲಿ ಎಷ್ಟೋ ಆದೇಶ ಬಿದ್ದುಹೋಗುತ್ತವೆ. ಮನವಿಯನ್ನು ಸಕಾಲಕ್ಕೆ ನೋಡಲಿಲ್ಲ, ಅವನಿಗೆ ಕೊಟ್ಟ ದಾಖಲೆ ಓದೋಕೆ ಆಗಲ್ಲ, ಹೀಗೆ. ಅಷ್ಟರಲ್ಲಿ ಆರೇಳು ತಿಂಗಳು ಒಳಗೆ ಇದ್ದಿರುತ್ತಾನೆ. ಆ ತಿಂಗಳುಗಳನ್ನು ಯಾರು ವಾಪಸ್ ಕೊಡುತ್ತಾರೆ?

ಅಂಗಡಿಅಕ್ಕ:
ಗೂಂಡಾ ಕಾಯ್ದೆ ಅಂದರೆ ಕೇಸೇ ಇಲ್ಲದೆ ಒಳಗೆ ಹಾಕುವುದಾ? ನಾನು ಅದು ರೌಡಿಗಳಿಗೆ ಜಾಸ್ತಿ ಶಿಕ್ಷೆ ಕೊಡುವ ಕಾನೂನು ಅಂದುಕೊಂಡಿದ್ದೆ.

ಕರಿಕೋಟು:
ಬಹಳ ಜನ ಹಾಗೇ ಅಂದುಕೊಂಡಿದ್ದಾರೆ ಅಕ್ಕ. ಅದು ಶಿಕ್ಷೆಯ ಕಾನೂನೇ ಅಲ್ಲ, ಮುಂಜಾಗ್ರತಾ ಬಂಧನ. ಮಾಡಿದ್ದಕ್ಕಲ್ಲ, ಮುಂದೆ ಮಾಡಬಹುದು ಅಂತ ಹಿಡಿದಿಡುವುದು. ಡಿಸಿ ಅಥವಾ ಪೊಲೀಸ್ ಕಮಿಷನರ್ ಆದೇಶ ಹೊರಡಿಸುತ್ತಾರೆ. ಐದು ದಿನದೊಳಗೆ ಕಾರಣ ತಿಳಿಸಬೇಕು. ಹನ್ನೆರಡು ದಿನದೊಳಗೆ ಸರ್ಕಾರ ಒಪ್ಪಬೇಕು. ಮೂರು ವಾರದೊಳಗೆ, ಬಂಧನಕ್ಕೆ ಸಾಕಷ್ಟು ಕಾರಣ ಇದೆಯಾ ಅಂತ ನೋಡುವ ಸಲಹಾ ಮಂಡಳಿ ಮುಂದೆ ಇಡಬೇಕು. ಮಂಡಳಿ ಸರಿ ಅಂದರೆ ಒಂದು ವರ್ಷದವರೆಗೂ ಜೈಲು. ಆ ಮಂಡಳಿ ಮುಂದೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಅವನಿಗಿಲ್ಲ. ಮೊಬೈಲ್ ಕದ್ದವನಿಗೂ ವಕೀಲ ಸಿಗುತ್ತಾನೆ, ಇಲ್ಲಿ ಇಲ್ಲ.

ಯಾರ ಮೇಲೆ ಈ ಕಾಯ್ದೆ ಹಾಕಬಹುದು ಅನ್ನುವ ಪಟ್ಟಿಯಲ್ಲಿ ಮೊದಲು ಕಳ್ಳಭಟ್ಟಿ, ಮಾದಕವಸ್ತು, ಜೂಜು, ಗೂಂಡಾಗಿರಿಯವರು, ಕೊಳೆಗೇರಿ ಜಾಗ ಕಬಳಿಸುವವರು ಅಂತ ಇತ್ತು. 2014ರಲ್ಲಿ ತಿದ್ದುಪಡಿ ಮಾಡಿ ಆಸಿಡ್ ದಾಳಿಕೋರರು, ಲೈಂಗಿಕ ಅಪರಾಧಿಗಳು, ಡಿಜಿಟಲ್ ಅಪರಾಧಿಗಳು, ಸಿನಿಮಾ ಪೈರಸಿ ಮಾಡುವವರನ್ನೂ ಸೇರಿಸಿದರು. ಆಸಿಡ್ ಹಾಕುವವನ ಬಗ್ಗೆ ನನಗೆ ಕರುಣೆ ಇಲ್ಲ. ಆದರೆ ಸಿನಿಮಾ ಕಾಪಿ ಮಾಡಿದವನನ್ನು ಕೇಸು ನಡೆಸದೆ ಒಂದು ವರ್ಷ ಕೂಡಿಹಾಕುವಷ್ಟು ಅಪಾಯ ಊರಿಗೆ ಏನಿದೆ?

ರಾತ್ರಿಪಾಳಿ:
ಸಂವಿಧಾನದಲ್ಲಿ ಇದಕ್ಕೆ ಅವಕಾಶ ಇದೆಯಾ? 21ನೇ ವಿಧಿ ಅಂತ ಎಲ್ಲರೂ ಹೇಳುತ್ತಾರಲ್ಲ, ಜೀವ ಮತ್ತು ಸ್ವಾತಂತ್ರ್ಯ ಅಂತ.

ಮೇಷ್ಟ್ರು:
ಇದೆ ತಾಯಿ. 22ನೇ ವಿಧಿಯಲ್ಲೇ ಇದೆ. ಸಲಹಾ ಮಂಡಳಿ ಒಪ್ಪಿಗೆ ಇಲ್ಲದೆ ಮೂರು ತಿಂಗಳವರೆಗೆ ಹಿಡಿದಿಡಬಹುದು ಅಂತ. ತುರ್ತು ಪರಿಸ್ಥಿತಿ ಮುಗಿದ ಮೇಲೆ 1978ರಲ್ಲಿ 44ನೇ ತಿದ್ದುಪಡಿ ಬಂತು. ಆ ಮೂರು ತಿಂಗಳನ್ನು ಎರಡಕ್ಕೆ ಇಳಿಸಿದರು, ಮಂಡಳಿಯ ಸ್ವರೂಪವನ್ನೂ ಬಿಗಿ ಮಾಡಿದರು. ಆ ಭಾಗವನ್ನು ಮಾತ್ರ ಇವತ್ತಿನವರೆಗೂ ಜಾರಿಗೆ ತಂದಿಲ್ಲ. ಎಲ್ಲ ಪಕ್ಷಗಳೂ ಅಧಿಕಾರಕ್ಕೆ ಬಂದು ಹೋದವು, ಒಬ್ಬರೂ ಅಧಿಸೂಚನೆ ಹೊರಡಿಸಲಿಲ್ಲ.

ತುರ್ತು ಪರಿಸ್ಥಿತಿ ಇದ್ದಾಗ ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ಈಗ ನೀವು ಫ್ರೀಡಂ ಪಾರ್ಕ್ ಅನ್ನುವ ಜಾಗ ಆಗ ಸೆಂಟ್ರಲ್ ಜೈಲು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಎಲ್ಲರನ್ನೂ ಮೀಸಾ ಕಾಯ್ದೆಯಲ್ಲಿ, ಅಂದರೆ ಆಗಿನ ಆಂತರಿಕ ಭದ್ರತೆ ಕಾಯ್ದೆಯಲ್ಲಿ, ಅಲ್ಲೇ ಇಟ್ಟಿದ್ದರು. ನಟಿ ಸ್ನೇಹಲತಾ ರೆಡ್ಡಿಯವರೂ ಅಲ್ಲೇ ಇದ್ದರು. ಆಸ್ತಮಾ ರೋಗಿ ಆಕೆ. ಖಾಯಿಲೆ ಜೋರಾದ ಮೇಲೆ ಹೊರಗೆ ಬಿಟ್ಟರು. ಕೆಲವೇ ದಿನದಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆಕೆಯ ಮೇಲೆ ಯಾವ ಅಪರಾಧವೂ ಸಾಬೀತಾಗಿರಲಿಲ್ಲ. ದೇಶದ ಭದ್ರತೆ ಅಂತ ಹೇಳಿದರು, ಅಷ್ಟೇ. ಆ ಮಾತು ಯಾರಾದರೂ ಹೇಳಿದಾಗ ನಾನು ಈಗಲೂ ಎರಡು ಸಲ ಯೋಚಿಸುತ್ತೇನೆ.

ಕುಡ್ಲದವ:
ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಆದರೆ ಅದು ರಾಜಕೀಯ ಬಂಧನ. ಇಲ್ಲಿ ಮಾತಾಡುತ್ತಿರುವುದು ಲಾಂಗ್ ಹಿಡಿದವರ ಬಗ್ಗೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮೇಷ್ಟ್ರು:
ಬೇರೆ ಬೇರೆಯೇ. ಆದರೆ ಬಾಗಿಲು ಒಂದೇ. ಲಾಂಗ್ ಹಿಡಿದವನಿಗೆ ಅಂತ ತೆರೆದ ಬಾಗಿಲಿನಲ್ಲಿ ನಾಳೆ ಯಾರನ್ನು ತಳ್ಳುತ್ತಾರೆ ಅಂತ ನೀವೂ ಹೇಳೋಕೆ ಆಗುವುದಿಲ್ಲ, ನಾನೂ ಹೇಳೋಕೆ ಆಗುವುದಿಲ್ಲ. 1976ರಲ್ಲಿ ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು, ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನು ಪ್ರಶ್ನಿಸಿ ಕೋರ್ಟಿಗೆ ಬರುವಂತಿಲ್ಲ ಅಂದರು. ಒಪ್ಪದೇ ಇದ್ದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಮುಖ್ಯ ನ್ಯಾಯಮೂರ್ತಿ ಆಗಬೇಕಿದ್ದ ಅವರನ್ನು ಹಿಂದೆ ಹಾಕಿ ಕಿರಿಯರಿಗೆ ಆ ಹುದ್ದೆ ಕೊಟ್ಟರು, ಅವರು ರಾಜೀನಾಮೆ ಕೊಟ್ಟರು. ಆ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟೇ ಹೇಳೋಕೆ 2017 ಬರಬೇಕಾಯಿತು.

ಧಾರವಾಡಪೇಡಾ:
2017ರ ತೀರ್ಪು ಅಂದರೆ ಪುಟ್ಟಸ್ವಾಮಿ ಅವರದ್ದಲ್ರೀ? ನಮ್ಮ ಹೈಕೋರ್ಟ್‌ನಲ್ಲಿ ಜಡ್ಜ್ ಆಗಿದ್ದವರು. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಒಂಬತ್ತು ಜಡ್ಜ್‌ಗಳು ಕೂತು ಖಾಸಗಿತನ ಮೂಲಭೂತ ಹಕ್ಕು ಅಂದರು. 2024ರಲ್ಲಿ ತೀರಿಕೊಂಡರು. ನಮ್ಮ ಶಾಲೆ ಪಾಠದಲ್ಲಿ ಇರಬೇಕಾದ ಹೆಸರು ಅದು.

ರಾತ್ರಿಪಾಳಿ:
ಆಧಾರ್ ಅಂದಾಗ ನೆನಪಾಯಿತು, ನಮ್ಮ ಪಿಜಿಯಲ್ಲಿ ಆಧಾರ್ ಕಾಪಿ ಎರಡೆರಡು ತಗೊಂಡು ರಿಜಿಸ್ಟರ್‌ಗೆ ಪಿನ್ ಮಾಡಿ ಟೇಬಲ್ ಮೇಲೇ ಇಟ್ಟಿರುತ್ತಾರೆ. ಹೋಗೋರು ಬರೋರು ಎಲ್ಲ ತಿರುವಿ ನೋಡಬಹುದು. ಹುಡುಗಿಯರ ಊರಿನ ವಿಳಾಸ ಎಲ್ಲ ಅದರಲ್ಲಿ ಇರುತ್ತದೆ. ಇದಕ್ಕೆ ಏನಾದರೂ ಮಾಡಬಹುದಾ?

ನಿರ್ವಾಹಕ:
ಆಧಾರ್ ಮತ್ತು ಪಿಜಿ ವಿಷಯಕ್ಕೆ ಬೇರೆ ಎಳೆ ಶುರು ಮಾಡಿ ದಯವಿಟ್ಟು. ಒಳ್ಳೆಯ ಪ್ರಶ್ನೆ, ಇಲ್ಲಿ ಕಳೆದುಹೋಗುತ್ತದೆ.

ಕರಿಕೋಟು:
ನಿರ್ವಾಹಕರೇ, ಪುಟ್ಟಸ್ವಾಮಿ ತೀರ್ಪಿಗೂ ರೌಡಿ ಶೀಟ್‌ಗೂ ನೇರ ಸಂಬಂಧ ಇದೆ, ಅದೊಂದು ಹೇಳಿಬಿಡುತ್ತೇನೆ. ಖರಕ್ ಸಿಂಗ್ ಅಂತ ಉತ್ತರ ಪ್ರದೇಶದ ಒಬ್ಬರು. 1941ರಲ್ಲಿ ದರೋಡೆ ಕೇಸಿನಲ್ಲಿ ಹಿಡಿದರು, ಸಾಕ್ಷ್ಯ ಇಲ್ಲ ಅಂತ ಬಿಟ್ಟರು. ಬಿಟ್ಟ ಮೇಲೂ ಪೊಲೀಸರು ಹಿಸ್ಟರಿ ಶೀಟ್ ತೆರೆದರು, ನಮ್ಮ ರೌಡಿ ಶೀಟ್‌ನಂಥದ್ದೇ. ಮಧ್ಯರಾತ್ರಿ ಮನೆ ಬಾಗಿಲು ತಟ್ಟಿ ಇದ್ದೀಯಾ ಅಂತ ಕೇಳುವುದು, ಪಕ್ಕದೂರಿಗೆ ಹೋಗಬೇಕಾದರೂ ಹೇಳಿ ಹೋಗು ಅನ್ನುವುದು. ಅವರು ಸುಪ್ರೀಂ ಕೋರ್ಟ್‌ವರೆಗೂ ಹೋದರು. 1962ರಲ್ಲಿ ಕೋರ್ಟ್ ರಾತ್ರಿ ಮನೆಗೆ ಹೋಗುವುದು ತಪ್ಪು ಅಂತ ರದ್ದು ಮಾಡಿತು. ಆದರೆ ಖಾಸಗಿತನ ಅನ್ನುವ ಹಕ್ಕು ಸಂವಿಧಾನದಲ್ಲಿ ಇಲ್ಲ ಅಂದಿತು, ಉಳಿದ ಕಣ್ಗಾವಲು ಉಳಿಯಿತು. ಆ ಮಾತನ್ನು ತೆಗೆದುಹಾಕಿದ್ದೇ 2017ರ ತೀರ್ಪು. ಬಯಲುಸೀಮೆಯವರ ಸೋದರಮಾವನ ಮಗನ ಕಥೆ ಖರಕ್ ಸಿಂಗ್ ಕಥೆಯೇ ಅಲ್ವಾ?

2024ರ ಮೇ ತಿಂಗಳಲ್ಲಿ ದೆಹಲಿಯ ಒಬ್ಬ ಶಾಸಕರ ಹಿಸ್ಟರಿ ಶೀಟ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಇದನ್ನು ಮುಟ್ಟಿತು. ಶೀಟ್ ಇಲಾಖೆಯ ಒಳಗಿನ ಕಾಗದ, ಊರಿಗೆಲ್ಲ ತೋರಿಸುವುದಲ್ಲ. ಮಕ್ಕಳ ವಿವರ ಸುಮ್ಮನೆ ಬರೆಯುವಂತಿಲ್ಲ. ಹಿಂದುಳಿದ, ಬಡ ಸಮುದಾಯದವರ ಹೆಸರನ್ನು ಯಾಂತ್ರಿಕವಾಗಿ ಸೇರಿಸುವಂತಿಲ್ಲ. ಹಿರಿಯ ಅಧಿಕಾರಿ ಕಾಲಕಾಲಕ್ಕೆ ತೆಗೆದು ನೋಡಬೇಕು. ಎಲ್ಲ ರಾಜ್ಯಗಳೂ ಇದನ್ನು ಗಮನಿಸಿ ಅಂದಿತು.

ಹಳೇಪೇದೆ:
ಊರಿಗೆ ತೋರಿಸುವುದಲ್ಲ ಅಂದಿದ್ದು ಸರಿ. ಆದರೆ ಪರೇಡ್ ಅಂದರೆ ಊರಿಗೆ ತೋರಿಸುವುದೇ. ಭಾನುವಾರ ಬೆಳಗ್ಗೆ ಗ್ರೌಂಡಿನಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಟಿವಿಯವರು ಬಂದಿರುತ್ತಾರೆ. ಉದ್ದ ಕೂದಲು ಬಿಟ್ಟವನಿಗೆ ಬೈಗುಳ, ಗಡ್ಡ ಬಿಟ್ಟವನಿಗೆ ಇನ್ನೊಂದು. ನಿಜವಾದ ದೊಡ್ಡ ಕುಳ ಆ ಸಾಲಿನಲ್ಲಿ ನಿಲ್ಲುವುದಿಲ್ಲ, ಅವತ್ತು ಅವನು ಊರಲ್ಲೇ ಇರುವುದಿಲ್ಲ. ನಿಲ್ಲುವವರು ಗಾರೆ ಕೆಲಸದವರು, ಆಟೋದವರು, ಹಳೇ ಕೇಸಿನವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇದರಿಂದ ಅಪರಾಧ ಕಡಿಮೆಯಾಗಿದ್ದು ನನ್ನ ಸರ್ವಿಸ್‌ನಲ್ಲಿ ನೋಡಲಿಲ್ಲ. ಕಡಿಮೆ ಆಗುತ್ತಿದ್ದುದು ಬೀಟ್ ಸರಿಯಾಗಿ ನಡೆದಾಗ, ವಾರಂಟ್ ಜಾರಿ ಮಾಡಿದಾಗ, ಸಾಕ್ಷಿಯನ್ನು ನಾವೇ ಕರೆದುಕೊಂಡು ಹೋಗಿ ಕೋರ್ಟಿನಲ್ಲಿ ನಿಲ್ಲಿಸಿದಾಗ.

ಅಂಗಡಿಅಕ್ಕ:
ಹಳೇಪೇದೆ ಅಣ್ಣ ಹೇಳಿದ್ದು ನನಗೆ ನಾಟಿತು. ನಮ್ಮ ಅಂಗಡಿ ಒಡೆದವನ ಮೇಲೆ ರೌಡಿ ಶೀಟ್ ಆಗಲೇ ಇತ್ತು ಅಂತ ಆಮೇಲೆ ಗೊತ್ತಾಯಿತು. ಶೀಟ್ ಇದ್ದರೂ ಬಂದು ಒಡೆದನಲ್ಲ. ಆದರೆ ಜಾಮೀನು ಮಾತ್ರ ಇಷ್ಟು ಸುಲಭವಾಗಿ ಕೊಡಬಾರದು ಅನ್ನುವ ಮಾತು ನಾನು ಬಿಡುವುದಿಲ್ಲ.

ಕರಿಕೋಟು:
ಜಾಮೀನು ಸುಲಭ ಅಂತ ಕಾಣುವುದು ದುಡ್ಡಿದ್ದವರದ್ದು ಮಾತ್ರ ನೋಡಿದರೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅದರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರು, ಇನ್ನೂ ತೀರ್ಪೇ ಆಗದವರು.

ಕೋರ್ಟ್ ವರಾಂಡದಲ್ಲಿ ದಿನಾ ನೋಡುತ್ತೇನೆ. ಮಗನಿಗೆ ಜಾಮೀನು ಆಗಿರುತ್ತದೆ, ಶ್ಯೂರಿಟಿ ಸಿಕ್ಕಿರುವುದಿಲ್ಲ. ತಾಯಿ ಪಹಣಿ ಹಿಡಿದುಕೊಂಡು ಬಂದಿರುತ್ತಾಳೆ, ಪಹಣಿ ಸತ್ತುಹೋದ ಮಾವನ ಹೆಸರಲ್ಲಿ ಇರುತ್ತದೆ, ಪೌತಿ ಖಾತೆ ಆಗಿರುವುದಿಲ್ಲ. ಆ ಪಹಣಿ ನಡೆಯುವುದಿಲ್ಲ ಅಂತ ವಾಪಸ್ ಕಳಿಸುತ್ತಾರೆ. ಅವಳು ಊರಿಗೆ ಹೋಗಿ ಇನ್ಯಾರನ್ನೋ ಕಾಲು ಹಿಡಿದು ಕರೆತರಬೇಕು, ಅವರ ಒಂದು ದಿನದ ಕೂಲಿ ಕೊಡಬೇಕು. 1978ರಲ್ಲಿ ಮೋತಿ ರಾಮ್ ಅನ್ನುವ ಗಾರೆ ಕೆಲಸದವರ ಕೇಸು ಸುಪ್ರೀಂ ಕೋರ್ಟಿಗೆ ಬಂದಿತ್ತು. 10,000 ರೂಪಾಯಿ ಶ್ಯೂರಿಟಿ ಕೇಳಿದ್ದರು. ಅವರ ಸಹೋದರ ಜಾಮೀನು ನಿಲ್ಲೋಕೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದನ್ನು ಕಟುವಾಗಿ ಟೀಕಿಸಿ 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಟ್ಟರು. ಇಷ್ಟು ವರ್ಷ ಆದ ಮೇಲೂ ವರಾಂಡದಲ್ಲಿ ಅದೇ ನಡೆಯುತ್ತಿದೆ.

ಹಫ್ತಾ ಕೇಳುವವನು ಮಧ್ಯಾಹ್ನಕ್ಕೆ ಹೊರಗೆ ಬರುತ್ತಾನೆ. ಈ ತಾಯಿಯ ಮಗ ತಿಂಗಳುಗಟ್ಟಲೆ ಒಳಗೆ ಇರುತ್ತಾನೆ. ಜಾಮೀನನ್ನು ಇನ್ನೂ ಬಿಗಿ ಮಾಡಿದರೆ ಒಳಗೆ ಉಳಿಯುವವನು ಯಾರು ಹೇಳಿ ಅಕ್ಕ.

ಅಂಗಡಿಅಕ್ಕ:
ಇದನ್ನು ನಾನು ಯೋಚಿಸಿರಲಿಲ್ಲ. ಆದರೆ ನೀವು ಹೇಳಿದ್ದಕ್ಕೆ ಉತ್ತರ ಹಫ್ತಾದವನನ್ನು ಒಳಗೆ ಇಡುವುದು, ಆ ಹುಡುಗನನ್ನು ಬಿಡುವುದು. ಜಡ್ಜ್‌ಗಳು ಇಬ್ಬರನ್ನೂ ಬೇರೆ ಬೇರೆ ನೋಡಬೇಕು. ಎರಡೂ ಒಂದೇ ಅನ್ನುವ ಹಾಗೆ ಮಾಡಿದರೆ ನಮ್ಮಂಥವರು ಎಲ್ಲಿಗೆ ಹೋಗಬೇಕು?

ಕರಿಕೋಟು:
ಒಪ್ಪುತ್ತೇನೆ. ಅಪಾಯ ಇದೆ ಅಂತ ನಿಜವಾದ ಆಧಾರ ಇದ್ದರೆ ಜಾಮೀನು ತಿರಸ್ಕರಿಸಲಿ, ತೀರ್ಪು ಬೇಗ ಕೊಡಲಿ. ಹಾಗೆ ಮಾಡಲು ಸರ್ಕಾರಿ ವಕೀಲರು ಸಿದ್ಧವಾಗಿ ಬರಬೇಕು. ಬಹಳ ಸಲ ಫೈಲ್ ಕೂಡ ತಿರುವಿರುವುದಿಲ್ಲ.

ಹೊಸೂರುಬಸ್:
ಹೊಸ ಕಾನೂನಿನಲ್ಲಿ ಮೊದಲ ಸಲ ಕೇಸಾದವರು ಶಿಕ್ಷೆಯ ಮೂರನೇ ಒಂದು ಭಾಗ ಕಳೆದರೆ ಬಿಡಬೇಕು ಅಂತ ಬಂದಿದೆ ಅಲ್ವಾ? ಎಲ್ಲರಿಗೂ ಅನ್ವಯವಾ?

ಕರಿಕೋಟು:
ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸೆಕ್ಷನ್ 479. ಜುಲೈ 1, 2024ರಿಂದ ಜಾರಿ. ಹಿಂದೆ ಶಿಕ್ಷೆಯಾಗದವರಿಗೆ ಗರಿಷ್ಠ ಶಿಕ್ಷೆಯ ಮೂರನೇ ಒಂದು, ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿ ಇರುವ ಅಪರಾಧಕ್ಕೆ ಇಲ್ಲ. ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೂ ಇಲ್ಲ. ಈ ಕೊನೆಯದು ದೊಡ್ಡ ಕಂಟಕ, ಒಂದೇ ಗಲಾಟೆಗೆ ಎರಡು ಎಫ್‌ಐಆರ್ ಹಾಕಿದರೆ ಮುಗಿಯಿತು. ಜುಲೈಗೆ ಮುಂಚಿನ ಕೇಸುಗಳಿಗೂ ಅನ್ವಯ ಅಂತ ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ ಹೇಳಿತು.

ಧಾರವಾಡಪೇಡಾ:
ಜಾಮೀನಿಗೆ ದುಡ್ಡಿಲ್ಲದ ಬಡವರಿಗೆ ಕೇಂದ್ರದ್ದೊಂದು ಯೋಜನೆ ಇದೆ, 2023ರಲ್ಲಿ ಬಂದದ್ದು. ಶುರುವಾದಾಗ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ ಇತ್ತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. 15100ಕ್ಕೆ ಫೋನ್ ಮಾಡಿದರೂ ಮಾಹಿತಿ ಕೊಡುತ್ತಾರೆ.

ರಾತ್ರಿಪಾಳಿ:
ಕ್ಯಾಮೆರಾ ಬಗ್ಗೆ ಯಾರೂ ಹೇಳಲಿಲ್ಲ. ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯಿಂದ ಸೇಫ್ ಸಿಟಿ ಅಂತ ಸಾವಿರಾರು ಕ್ಯಾಮೆರಾ ಹಾಕಿದ್ದಾರೆ. ನನಗೆ ಅದು ಬೇಕು. ರಾತ್ರಿ ಎರಡಕ್ಕೆ ಕ್ಯಾಬ್ ಇಳಿದು ಗಲ್ಲಿಯಲ್ಲಿ ನಡೆಯುವಾಗ ಕಂಬದ ಮೇಲೆ ಕ್ಯಾಮೆರಾ ಕಂಡರೆ ಧೈರ್ಯ. ಒಬ್ಬ ಬೈಕಿನಲ್ಲಿ ಹಿಂಬಾಲಿಸಿಕೊಂಡು ಬರುತ್ತಿದ್ದ, ಅವನು ಸಿಕ್ಕಿದ್ದು ಫುಟೇಜ್‌ನಿಂದಲೇ.

ಮೇಷ್ಟ್ರು:
ಕ್ಯಾಮೆರಾ ಇರಲಿ ತಾಯಿ. ಆದರೆ ಮುಖ ಗುರುತಿಸುವ ಕ್ಯಾಮೆರಾಗಳು ಬರುತ್ತಿವೆ. ಅದಕ್ಕೆ ಯಾವ ಫೋಟೋಗಳನ್ನು ಕೊಡುತ್ತಾರೆ? ಠಾಣೆಯಲ್ಲಿ ಇರುವ ಫೋಟೋಗಳನ್ನೇ ಅಲ್ವಾ? ಬಯಲುಸೀಮೆಯವರ ಹುಡುಗನ ಹಳೇ ಫೋಟೋ ಅದರಲ್ಲಿ ಸೇರಿದರೆ, ಅವನು ಮಗಳನ್ನು ಕರೆದುಕೊಂಡು ಲಾಲ್‌ಬಾಗ್‌ಗೆ ಹೋದರೂ ಎಲ್ಲೋ ಒಂದು ಪರದೆ ಮೇಲೆ ಕೆಂಪು ಚೌಕ ಮೂಡುತ್ತದೆ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ, ತಾನು ಹೆಸರಿಸಿದ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರ ಇಟ್ಟುಕೊಂಡಿದೆ. ಪುಸ್ತಕದಲ್ಲಿದ್ದ ಹೆಸರು ಆ ಠಾಣೆಯಲ್ಲೇ ಇರುತ್ತಿತ್ತು. ಕಂಪ್ಯೂಟರಿಗೆ ಹೋದ ಮೇಲೆ ಎಲ್ಲ ಕಡೆ ಇರುತ್ತದೆ.

ರಾತ್ರಿಪಾಳಿ:
ಹಾಗಾದರೆ ಫುಟೇಜ್ ಇಷ್ಟು ದಿನ ಆದ ಮೇಲೆ ಅಳಿಸಬೇಕು, ಕೇಸು ಮುಗಿದವರ ಫೋಟೋ ತೆಗೆಯಬೇಕು ಅಂತ ನಿಯಮ ಇರಲಿ. ಕ್ಯಾಮೆರಾ ತೆಗೆಯಿರಿ ಅಂತ ಮಾತ್ರ ಹೇಳಬೇಡಿ.

ಕುಡ್ಲದವ:
ನಾನು ಇಷ್ಟು ಹೇಳುತ್ತೇನೆ. ಶೀಟ್‌ಗೆ ಕಾಲಮಿತಿ ಇರಲಿ, ಒಪ್ಪಿದೆ. ಮೂರು ವರ್ಷ ಹೊಸ ಕೇಸು ಇಲ್ಲ ಅಂದರೆ ಮುಚ್ಚಲಿ. ಆದರೆ ಗೂಂಡಾ ಕಾಯ್ದೆ ತೆಗೆಯಬಾರದು. ಗಲಭೆ ನಡೆಯುವ ಊರಿಗೆ ಅದು ಬೇಕು.

ಕರಿಕೋಟು:
ತೆಗೆಯಿರಿ ಅಂತ ನಾನೂ ಹೇಳುತ್ತಿಲ್ಲ. ಕೋರ್ಟುಗಳು 1965ರಿಂದಲೂ ಒಂದೇ ಮಾತು ಹೇಳುತ್ತಾ ಬಂದಿವೆ. ರಾಮ್ ಮನೋಹರ್ ಲೋಹಿಯಾ ಅವರ ಕೇಸಿನಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಮೂರು ವೃತ್ತ ಹಾಕಿ ತೋರಿಸಿದರು. ದೊಡ್ಡ ವೃತ್ತ ಕಾನೂನು ಸುವ್ಯವಸ್ಥೆ, ಅದರ ಒಳಗೆ ಸಾರ್ವಜನಿಕ ಶಾಂತಿ, ಅದರ ಒಳಗೆ ದೇಶದ ಭದ್ರತೆ. ಇಬ್ಬರು ಕುಡಿದು ಹೊಡೆದಾಡಿದರೆ ಅದು ಮೊದಲನೆಯದು, ಸಾಧಾರಣ ಕೇಸು ಸಾಕು. ಇಡೀ ಬೀದಿಯೇ ಬಾಗಿಲು ಹಾಕಿಕೊಳ್ಳುವಂತಾದರೆ ಎರಡನೆಯದು. ಗೂಂಡಾ ಕಾಯ್ದೆ ಎರಡನೆಯದಕ್ಕೆ ಮಾತ್ರ. ತೊಂದರೆ ಏನೆಂದರೆ, ಒಬ್ಬನಿಗೆ ಕೋರ್ಟು ಜಾಮೀನು ಕೊಟ್ಟಿತು, ಹೊರಗೆ ಬಾರದಿರಲಿ ಅಂತ ಅದೇ ದಿನ ಗೂಂಡಾ ಆದೇಶ ಹೊರಡಿಸುತ್ತಾರೆ. ತೆಲಂಗಾಣದ ಇಂಥ ಆದೇಶಗಳನ್ನು ಸುಪ್ರೀಂ ಕೋರ್ಟ್ 2021, 2022, 2023ರಲ್ಲಿ ಸಾಲಾಗಿ ರದ್ದು ಮಾಡಿತು. ಜಾಮೀನು ಇಷ್ಟವಾಗಲಿಲ್ಲ ಅಂದರೆ ರದ್ದು ಕೋರಿ ಮೇಲಿನ ಕೋರ್ಟಿಗೆ ಹೋಗಿ ಅಂದಿತು.

ನಿಮ್ಮ ಊರಿನ ಗಲಭೆಗೆ ಅದು ಬೇಕಿರಬಹುದು ಕುಡ್ಲದವರೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಮಂಡಳಿ ಮುಂದೆ ವಕೀಲರನ್ನು ಬಿಡಲಿ. ಸರ್ಕಾರದ ಹತ್ತಿರ ಗಟ್ಟಿ ಕಾರಣ ಇದ್ದರೆ ವಕೀಲರಿಗೆ ಯಾಕೆ ಹೆದರಬೇಕು?

ಕುಡ್ಲದವ:
ವಕೀಲರನ್ನು ಬಿಡುವುದಕ್ಕೆ ನನ್ನ ಅಡ್ಡಿ ಇಲ್ಲ. ಮೂರು ವಾರ ಮೂರು ತಿಂಗಳು ಆಗದಿದ್ದರೆ ಸಾಕು.

ಬಯಲುಸೀಮೆ:
ಇಷ್ಟು ಚರ್ಚೆ ಆಗುತ್ತದೆ ಅಂದುಕೊಂಡಿರಲಿಲ್ಲ. ಅವನಿಗೆ ಎಲ್ಲ ಓದಿ ಹೇಳಿದೆ. ಖುಲಾಸೆ ತೀರ್ಪಿನ ಪ್ರತಿಗಳು ಮನೆಯಲ್ಲಿ ಇಲ್ಲ ಅಂತಾನೆ, ಆಗಿನ ವಕೀಲರೂ ತೀರಿಕೊಂಡಿದ್ದಾರೆ. ಈಗ ಎಲ್ಲಿಂದ ಶುರು ಮಾಡಬೇಕು?

ಕರಿಕೋಟು:
ಕೇಸ್ ನಂಬರ್ ಗೊತ್ತಿದ್ದರೆ ಆ ಕೋರ್ಟಿನಲ್ಲಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಗೊತ್ತಿಲ್ಲದಿದ್ದರೆ ಇ-ಕೋರ್ಟ್ಸ್ ತಾಣದಲ್ಲಿ ಹೆಸರು, ಎಫ್‌ಐಆರ್ ನಂಬರ್ ಹಾಕಿ ಹುಡುಕಿ. ತುಂಬಾ ಹಳೆಯದಾದರೆ ರೆಕಾರ್ಡ್ ರೂಮಿನಲ್ಲಿ ಕೇಳಬೇಕು, ಫೈಲ್ ನಾಶ ಆಗಿದ್ದರೆ ರಿಜಿಸ್ಟರ್ ಎಂಟ್ರಿಯ ಪ್ರತಿ ಸಿಗುತ್ತದೆ. ಅದನ್ನು ಇಟ್ಟು, ಎಷ್ಟು ವರ್ಷದಿಂದ ಹೊಸ ಕೇಸು ಇಲ್ಲ, ಏನು ಕೆಲಸ, ಮನೆಯಲ್ಲಿ ಯಾರು ಯಾರು ಅಂತ ಬರೆದು ಶೀಟ್ ಮುಚ್ಚಿ ಅಂತ ಮನವಿ ಕೊಡಿ. ಉತ್ತರ ಬಾರದಿದ್ದರೆ ಆಮೇಲೆ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ. ಮೊದಲು ಮನವಿ ಕೊಟ್ಟಿದ್ದೀರಾ ಅಂತ ಅಲ್ಲಿ ಕೇಳುತ್ತಾರೆ, ಅದಕ್ಕೇ ಇದನ್ನು ಬಿಡಬೇಡಿ.

ಹಳೇಪೇದೆ:
ಮನವಿಯನ್ನು ಠಾಣೆಯಲ್ಲಿ ಮಾತ್ರ ಕೊಟ್ಟು ಬರಬೇಡಿ. ತೆರೆಯುವುದಕ್ಕೂ ಮುಚ್ಚುವುದಕ್ಕೂ ಮೇಲಧಿಕಾರಿ ಒಪ್ಪಿಗೆ ಬೇಕು. ಜಿಲ್ಲೆಯಾದರೆ ಎಸ್‌ಪಿ ಕಚೇರಿ, ಕಮಿಷನರೇಟ್ ಆದರೆ ಡಿಸಿಪಿ ಕಚೇರಿ. ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಒಂದು ಪ್ರತಿ ಡಿವೈಎಸ್‌ಪಿಗೆ. ಊರಿನ ನಾಲ್ಕು ಜನ ಒಳ್ಳೆಯವನು ಅಂತ ಸಹಿ ಹಾಕಿದ ಕಾಗದ ಇದ್ದರೆ ಜೊತೆಗೆ ಇಡಿ. ಬೀಟ್‌ನವರನ್ನು ಕೇಳಿ ವರದಿ ತರಿಸುತ್ತಾರೆ, ಆಗ ಅವನು ಮನೆಯಲ್ಲಿ ಸಿಗಬೇಕು. ಗಣೇಶನ ಹಬ್ಬಕ್ಕೆ ಮುಂಚೆ ಕೊಡಿ. ಹಬ್ಬದ ಬಂದೋಬಸ್ತ್ ಶುರುವಾದರೆ ಎರಡು ತಿಂಗಳು ಯಾರೂ ಫೈಲ್ ಮುಟ್ಟುವುದಿಲ್ಲ.